ಅನುಮಾನ ಬಂದರೆ ನಿಲ್ಲಿಸು

ಮಾರ್ಚ್ 3, ಸೋಮವಾರ

ಮೀಟಿಂಗಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಆಡುವ ಬದಲು ಮನೆಗೆ ಹೋಗಿ ಬರೆದುಕೊಳ್ಳಿ ಎಂದು ನಮ್ಮ ಮುಖ್ಯಸ್ಥೆ ಸಲಹೆ ಕೊಟ್ಟಿದ್ದಾರೆ. ಈಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರ್ನಲ್ ಎಂದರೇನು ಎಂದು ಹೇಳಿಕೊಟ್ಟವನು ನಾನು. ಈಗ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂದು ನನಗೆ ಅವರು ಹೇಳಿಕೊಡುತ್ತಿದ್ದಾರೆ. ಇಂದಿಗೂ ನನ್ನನ್ನು ಸರ್ ಎಂದೇ ಕರೆಯುತ್ತಾರೆ. ನೇರವಾಗಿ ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ವಿಷಯ ಇಷ್ಟೇ. "ಸರ್, ನಿಮ್ಮ ಬೌಂಡ್ಸ್ ಚೆಕ್ ಮುಂದಿನ ಆವೃತ್ತಿಯಲ್ಲಿ ಇರಬೇಕಾ ಬೇಡವಾ ಅಂತ ತಿಂಗಳ ಕೊನೆಗೆ ತೀರ್ಮಾನ ಮಾಡೋಣ," ಎಂದರು. ತೀರ್ಮಾನ ಮಾಡೋಣ ಎಂದರೆ ತೀರ್ಮಾನ ಆಗಿಹೋಗಿದೆ ಎಂದರ್ಥ. ಅಷ್ಟು ತಿಳಿಯದಷ್ಟು ಎಳಸಲ್ಲ ನಾನು. "ಮನೆಗೆ ಬಾಗಿಲೇ ಬೇಡ ಅನ್ನೋರಿಗೆ ಏನು ಹೇಳೋದು," ಎಂದುಬಿಟ್ಟೆ. ಕೋಣೆಯ ತುಂಬ ಜನ. ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ, ಅದೂ ಅರ್ಧಕ್ಕೆ ನಿಂತುಹೋಯಿತು.

ಬೌಂಡ್ಸ್ ಚೆಕ್ ಎಂದರೇನು ಎಂದು ಅಕ್ಕನಿಗೆ ಹೀಗೆ ವಿವರಿಸಿದ್ದೆ. ಕಂಪ್ಯೂಟರಿನ ಮೆಮೊರಿ ಒಂದು ದೊಡ್ಡ ಲಾಡ್ಜು. ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನಲ್ ಅದರ ಮ್ಯಾನೇಜರು. ಯಾವ ಪ್ರೋಗ್ರಾಮು ಬಂದು ಕೇಳಿದರೂ ಈ ಕೋಣೆಯಿಂದ ಆ ಕೋಣೆಯವರೆಗೆ ನಿನ್ನದು ಎಂದು ಕೊಡುತ್ತದೆ. ಕೆಲವು ಪ್ರೋಗ್ರಾಮುಗಳು ಲೆಕ್ಕ ತಪ್ಪಿ ಪಕ್ಕದವರ ಕೋಣೆಗೆ ನುಗ್ಗುತ್ತವೆ. ಕಳ್ಳರು ಒಳಗೆ ಬರುವುದೂ ಅದೇ ದಾರಿಯಲ್ಲಿ. ನಾವು ಬಳಸುವ ಕಂಪ್ಯೂಟರ್ ಚಿಪ್ಪಿನೊಳಗೆ ಇದಕ್ಕೆಂದೇ ಒಬ್ಬ ಕಾವಲುಗಾರನಿದ್ದಾನೆ. ಯಾರಾದರೂ ಬಾಗಿಲು ಮುಟ್ಟಿದ ಪ್ರತಿ ಸಲವೂ ಅವನು ಪಟ್ಟಿ ನೋಡಿ, ಮೇರೆ ಮೀರಿದ್ದರೆ ಸೀಟಿ ಊದುತ್ತಾನೆ. ಆ ಪಟ್ಟಿಯನ್ನು ಬರೆದಿಡುವುದು, ಕಾಪಾಡುವುದು, ಸೀಟಿ ಕೇಳಿದಾಗ ಏನು ಮಾಡಬೇಕೆಂದು ನಿರ್ಧರಿಸುವುದು ಕರ್ನಲ್‌ನ ಕೆಲಸ. ಕರ್ನಲ್‌ನ ಆ ಭಾಗವನ್ನು ಬರೆದವನು ನಾನು. ಪಟ್ಟಿಯ ವಿಷಯಕ್ಕೆ ಬರುವಷ್ಟರಲ್ಲಿ ಅಕ್ಕ ಗೊರಕೆ ಹೊಡೆಯುತ್ತಿದ್ದಳು.

ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ. ಚಳಿಗಾಲದಲ್ಲಿ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಬೆಳಿಗ್ಗೆ ಬಿದ್ದವಳನ್ನು ಪಕ್ಕದ ಮನೆಯವರು ನೋಡಿದ್ದು ಸಂಜೆಗೆ. ಆಪರೇಷನ್ ಆಗಿ ಆಸ್ಪತ್ರೆಯಿಂದ ಹೊರಗೆ ಬಂದಾಗ ನೇರ ಇಲ್ಲಿಗೆ ಕರೆದುಕೊಂಡು ಬಂದೆ. ಮೆಟ್ಟಿಲು ಹತ್ತಬಾರದು, ಬಗ್ಗಬಾರದು, ಕಾರು ಓಡಿಸಬಾರದು ಎಂದು ಡಾಕ್ಟರು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಎಲ್ಲಿಯವರೆಗೆ ಎಂದು ಡಾಕ್ಟರು ಹೇಳಿದ್ದು ಕಾಗದದಲ್ಲಿ ಹಿಡಿಸಲಿಲ್ಲ.

ಕಾರು ಓಡಿಸಬಾರದು ಎಂಬುದೇ ಅವಳಿಗೆ ಕಷ್ಟ. ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅದೇ ಸಂಬಳದಲ್ಲಿ. ಏಪ್ರಿಲ್‌ನಲ್ಲಿ ಹೊಸ ಬ್ಯಾಚು ಶುರುವಾಗುತ್ತದೆ. ಅಷ್ಟರೊಳಗೆ ಬಾರದಿದ್ದರೆ ಅವಳ ಕಾರನ್ನು ಇನ್ನೊಬ್ಬರಿಗೆ ಕೊಡುತ್ತಾರಂತೆ. ಕೊಡಲಿ. ನಾನಿರುವಾಗ ಅಕ್ಕ ಇನ್ನೊಂದು ಸಲ ಬೀಳಕೂಡದು. ಬೇರೆ ಎಲ್ಲದರ ಬಗ್ಗೆಯೂ ತಮಾಷೆ ಮಾಡಿಕೊಳ್ಳಬಲ್ಲೆ, ಇದರ ಬಗ್ಗೆ ಆಗುವುದಿಲ್ಲ.

ಮಾರ್ಚ್ 5, ಬುಧವಾರ

ಮುಂಬಾಗಿಲಿಗೆ ಒಂದು ಸೆನ್ಸರ್ ಹಾಕಿದೆ. ಬೆಂಕಿಪೊಟ್ಟಣದಷ್ಟು ಬಿಳಿಯ ಡಬ್ಬಿ. ಬಾಗಿಲು ತೆರೆದರೆ ನನ್ನ ಫೋನಿಗೆ "ಬಾಗಿಲು ತೆರೆದಿದೆ" ಎಂದೂ ಮುಚ್ಚಿದರೆ "ಬಾಗಿಲು ಮುಚ್ಚಿದೆ" ಎಂದೂ ಸಂದೇಶ ಬರುತ್ತದೆ. ಕರ್ನಲ್ ಬರೆಯುವವನಿಗೆ ಇದೆಲ್ಲ ಎಡಗೈ ಆಟ. ಮೂರು ಸಲ ತಲೆಕೆಳಗಾಗಿ ಅಂಟಿಸಿ, ಕಿತ್ತು, ಗೋಡೆಯ ಸುಣ್ಣವನ್ನೂ ಕಿತ್ತು, ಸಂಜೆಯ ಹೊತ್ತಿಗೆ ಮುಗಿಸಿದೆ.

ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಇದು ಕಳ್ಳ ಬರದೇ ಇರ್ಲಿ ಅಂತಾನಾ, ನಾನು ಹೋಗದೇ ಇರ್ಲಿ ಅಂತಾನಾ?"

"ನಿನ್ನ ಒಳ್ಳೇದಕ್ಕೇ ಅಕ್ಕಾ."

"ಹಾಗಾದ್ರೆ ಕಳ್ಳನಿಗಲ್ಲ," ಎಂದು ಟಿವಿ ಹಾಕಿದಳು.

ಮಾರ್ಚ್ 10, ಸೋಮವಾರ

ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಬಂದಿದ್ದರು. ಹೋಗುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, "ಇನ್ನು ಮೆಟ್ಟಿಲು ಹತ್ತಿ ಇಳೀಲಿ, ಒಳ್ಳೇದು. ಇನ್ನೊಂದೆರಡು ವಾರದಲ್ಲಿ ಕಾರನ್ನೂ ಓಡಿಸಬಹುದು," ಎಂದರು. ಒಳ್ಳೆಯ ಹೆಂಗಸು, ಆದರೆ ಹುಮ್ಮಸ್ಸು ಜಾಸ್ತಿ. ಬಿದ್ದರೆ ಎತ್ತುವುದು ಅವರಲ್ಲವಲ್ಲ. ಮುಂದಿನ ವಾರ ನೋಡೋಣ ಎಂದುಕೊಂಡೆ. ಅಕ್ಕನಿಗೆ ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದು ಹೇಳಲಿಲ್ಲ.

ಆಫೀಸಿನಲ್ಲಿ ಒಂದು ಸಂತೋಷ. ನಮ್ಮ ಆಪರೇಟಿಂಗ್ ಸಿಸ್ಟಮ್ ಲಿಫ್ಟುಗಳಿಗೆ ಹೋಗುವಂಥದ್ದು. ಅದನ್ನು ಮೊದಲು ನಮ್ಮ ಕಟ್ಟಡದ ಲಿಫ್ಟಿನಲ್ಲೇ ಓಡಿಸಿ ನೋಡುವುದೆಂದು ತೀರ್ಮಾನವಾಗಿದೆ, ಬೌಂಡ್ಸ್ ಚೆಕ್ ಸಮೇತ. ತಿಂಗಳ ಕೊನೆಯವರೆಗೆ ಅದು ಕೆಲಸ ಮಾಡಿ ತೋರಿಸಲಿ ಎಂದು ನಾನೇ ಹಟ ಹಿಡಿದೆ. ಪರೀಕ್ಷೆ ಮಾಡುವ ನಮ್ಮ ಸಹೋದ್ಯೋಗಿಯೊಬ್ಬರಿದ್ದಾರೆ. ಎಲ್ಲರ ಕೆಲಸವನ್ನೂ ಒಡೆದು ನೋಡುವುದೇ ಅವರ ಉದ್ಯೋಗವಾದ್ದರಿಂದ ಸುತ್ತಿಗೆ ಎಂದು ಕರೆಯುತ್ತೇವೆ. ಅವರು, "ಬೇರೆ ಲಿಫ್ಟ್ ಸಿಗಲಿಲ್ವಾ? ನಮಗೆ ಮಂಡಿ ನೋವು," ಎಂದರು. ನಂಬಿಕೆಯಿಲ್ಲದ ಜನ.

ಮಾರ್ಚ್ 13, ಗುರುವಾರ

ಲಿಫ್ಟು ನಿಂತಿತು. ಕಾರಣ ನನ್ನ ಕಾವಲುಗಾರ. ಲಿಫ್ಟಿನ ಪ್ರೋಗ್ರಾಮು ಮೇರೆ ಮೀರಿತ್ತು, ಇವನು ಸೀಟಿ ಊದಿದ, ನನ್ನ ಕರ್ನಲ್ ಅದನ್ನು ನಿಲ್ಲಿಸಿತು. ಆಗಬೇಕಾದದ್ದು ಆಗಿದೆ. ಲಿಫ್ಟಿನವರ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಎಲ್ಲರಿಗೂ ಇಮೇಲ್ ಕಳಿಸಿದೆ. ಸ್ವಲ್ಪ ಉದ್ದವಾಯಿತು. ಕೊನೆಯಲ್ಲಿ ಬಾಗಿಲಿನ ಮಾತನ್ನು ಇನ್ನೊಂದು ಸಲ ಸೇರಿಸಿದೆ.

ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದವರೆಲ್ಲ ನನ್ನನ್ನು ನೋಡಿದ ರೀತಿ ನನಗೆ ಮೆಚ್ಚುಗೆಯಂತೆ ಕಾಣಿಸಿತು.

ಮಾರ್ಚ್ 14, ಶುಕ್ರವಾರ

ಈ ದಿನವನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ನಿನ್ನೆಯ ಜಂಭವನ್ನು ಬರೆದು ಇವತ್ತಿನದನ್ನು ಬಿಟ್ಟರೆ ಅನ್ಯಾಯ.

ಬೆಳಿಗ್ಗೆ ನಾನೂ ಮುಖ್ಯಸ್ಥೆಯೂ ಒಟ್ಟಿಗೆ ಲಿಫ್ಟು ಹತ್ತಿದೆವು. ಎರಡಕ್ಕೂ ಮೂರಕ್ಕೂ ನಡುವೆ ಅದು ನಿಂತಿತು. ಗುಂಡಿಗಳ ಮೇಲಿನ ಪುಟ್ಟ ಪರದೆಯಲ್ಲಿ, ವರ್ಷಗಳ ಹಿಂದೆ ನಾನೇ ಕೂತು, ತಿದ್ದಿ, ಗಂಭೀರವಾಗಿರಲಿ ಎಂದು ಆರಿಸಿದ ಮಾತು ಮೂಡಿತು: "ಮೇರೆ ಮೀರಿದೆ. ಕಾರ್ಯ ನಿಲ್ಲಿಸಲಾಗಿದೆ."

"ಸರ್, ಇದು ನಿಮ್ಮದಾ?"

"ಲಿಫ್ಟಿನವರ ತಪ್ಪಿರಬೇಕು."

"ಅವರು ನಿನ್ನೆ ಪೂರ್ತಿ ಹುಡುಕಿದ್ದಾರೆ. ಅವರ ಕಡೆ ಏನೂ ತಪ್ಪಿಲ್ಲ ಅಂತ ಬರೆದಿದ್ದಾರೆ. ನೀವು ಇಮೇಲ್ ನೋಡಲಿಲ್ವಾ?"

ನೋಡಿರಲಿಲ್ಲ. ಬರೆಯುವುದರಲ್ಲಿ ಮಗ್ನನಾಗಿದ್ದೆ. ಏನಾದರೂ ಹೇಳಬೇಕಲ್ಲ ಎಂದು, "ಏನೇ ಆಗಲಿ, ಸುರಕ್ಷಿತವಾಗಿದ್ದೀವಲ್ಲ," ಎಂದೆ.

"ಹೌದು ಸರ್. ತುಂಬಾ ಸುರಕ್ಷಿತವಾಗಿದ್ದೀವಿ. ಹೊರಗೆ ಹೋಗೋಕೆ ಮಾತ್ರ ಆಗ್ತಿಲ್ಲ."

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಗುರ್ ಎಂದಿತು. ಬಾಗಿಲು ತೆರೆದಿದೆ. ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ ಯಾಕೆ ಬಾಗಿಲು ತೆರೆದೆ ಎಂದು ಕೇಳಿದೆ. ಪೇಪರ್ ತೆಗೆದುಕೊಳ್ಳೋಕೆ ಎಂದಳು. ಎಲ್ಲಿದ್ದೀಯ, ಮಾತು ಕೊಳವೆಯೊಳಗಿಂದ ಬಂದ ಹಾಗಿದೆ ಎಂದಳು. ಕೆಲಸದಲ್ಲಿದ್ದೇನೆ ಎಂದೆ. ಮುಖ್ಯಸ್ಥೆ ಗೋಡೆ ನೋಡುತ್ತಿದ್ದರು. ಅವರ ಭುಜ ಅಲುಗುತ್ತಿತ್ತು.

ಆಮೇಲೆ ಮೆಕ್ಯಾನಿಕ್ ಬಂದು ಮೇಲಿನಿಂದ ಬಾಗಿಲು ತೆರೆದು ನನ್ನ ಎರಡೂ ಕಂಕುಳಿಗೆ ಕೈಹಾಕಿ ಎಳೆದುಕೊಂಡ. ಮುಖ್ಯಸ್ಥೆ ಚಿಮ್ಮಿ ಮೇಲೆ ಹೋದರು. ನಾನು ಹೊಟ್ಟೆ ಉಜ್ಜಿಕೊಂಡು ಹೋದೆ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ತಿಳಿಯಬೇಕೆಂದಿದ್ದವರು ಮೂರನೇ ಮಹಡಿಯಲ್ಲಿ ಸಾಲಾಗಿ ನಿಂತಿದ್ದರು.

ಮಾರ್ಚ್ 18, ಮಂಗಳವಾರ

ತಪ್ಪು ಸಿಗುತ್ತಿಲ್ಲ. ಲಿಫ್ಟಿನ ಪ್ರೋಗ್ರಾಮು ತನಗೆ ಕೊಟ್ಟ ಕೋಣೆಗಳಲ್ಲೇ ಇದೆ. ಆದರೂ ಕಾವಲುಗಾರ ಸೀಟಿ ಊದುತ್ತಾನೆ. ಸುತ್ತಿಗೆಯವರ ಮೇಜಿನ ಮೇಲೆ ಸಾವಿರ ಸಲ ಓಡಿಸಿದರೂ ಆಗುವುದಿಲ್ಲ, ಲಿಫ್ಟಿನಲ್ಲಿ ಜನ ಇದ್ದಾಗ ಆಗುತ್ತದೆ. ಕೋಣೆ ಕೊಡುವ ಜಾಗವನ್ನು ಸಾಲು ಸಾಲಾಗಿ ಓದಿದೆ. ಪಟ್ಟಿಯಲ್ಲಿ ಬರೆಯುವುದು ಸರಿಯಾಗಿದೆ. ಮೇರೆ ಅಳೆಯುವುದು ಸರಿಯಾಗಿದೆ. ಸೀಟಿ ಸರಿಯಾಗಿದೆ. ಎಲ್ಲವೂ ಸರಿಯಾಗಿದೆ, ಲಿಫ್ಟು ನಿಂತಿದೆ.

ಸುತ್ತಿಗೆಯವರು ಟೀ ಹಿಡಿದುಕೊಂಡು ಬಂದು, "ಆಫ್ ಮಾಡಿ ನೋಡಿದ್ರಾ?" ಎಂದರು. ಆಫ್ ಮಾಡಿದರೆ ಲಿಫ್ಟು ಚೆನ್ನಾಗಿ ಓಡುತ್ತದೆ, ಮೊದಲಿಗಿಂತ ಬೇಗ ಬಾಗಿಲು ತೆರೆಯುತ್ತದೆ. ಆ ಮಾತನ್ನು ನಾನು ಬಾಯಿ ಬಿಡಲಿಲ್ಲ. ಅವರಿಗೆ ಗೊತ್ತಿತ್ತು.

ಅಕ್ಕನಿಗೆ ಮಧ್ಯಾಹ್ನ ಫೋನು ಮಾಡಿದಾಗ ಏದುಸಿರು ಬಿಡುತ್ತಿದ್ದಳು. ಯಾಕೆ ಎಂದರೆ ವ್ಯಾಯಾಮ ಮಾಡುತ್ತಿದ್ದೆ ಎಂದಳು. ಕೆನ್ನೆಯಲ್ಲಿ ಸ್ವಲ್ಪ ಬಣ್ಣವೂ ಬಂದಿದೆ. ನನ್ನ ಆರೈಕೆ ಫಲಿಸುತ್ತಿದೆ. ಫಿಸಿಯೋ ಹೇಳಿದ್ದನ್ನು ಮುಂದಿನ ವಾರ ಯೋಚಿಸಿದರಾಯಿತು.

ಮಾರ್ಚ್ 19, ಬುಧವಾರ

ಸಿಕ್ಕಿಲ್ಲ. ಮೆಟ್ಟಿಲು ಹತ್ತಿ ಮಂಡಿ ನೋವು.

ಮಾರ್ಚ್ 20, ಗುರುವಾರ

ಮಧ್ಯಾಹ್ನ ಲ್ಯಾಪ್‌ಟಾಪಿನ ಚಾರ್ಜರ್ ಮರೆತದ್ದಕ್ಕೆ ಮನೆಗೆ ಬಂದೆ. ಮುಂಬಾಗಿಲು ಅರ್ಧ ತೆರೆದಿತ್ತು. ಸಂದಿನಲ್ಲಿ ನನ್ನದೇ ಹಳೆಯ ರಬ್ಬರ್ ಚಪ್ಪಲಿ ಸಿಕ್ಕಿಸಿತ್ತು. ಒಳಗೆ ಅಕ್ಕ ಇಲ್ಲ. ಅವಳು ಊರಿ ನಡೆಯುವ ಕೋಲು ಕುರ್ಚಿಗೆ ಒರಗಿಕೊಂಡಿದೆ. ಬಚ್ಚಲು ನೋಡಿದೆ. ಎಲ್ಲಕ್ಕಿಂತ ಮೊದಲು ಬಚ್ಚಲನ್ನೇ.

ನಾನು ಬಂದದ್ದು ಕೆಳಗಿನಿಂದ, ಅಂದರೆ ಅವಳು ಕೆಳಗೆ ಹೋಗಿಲ್ಲ. ಮೇಲಕ್ಕೆ ಓಡಿದೆ. ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು.

ಏನೇನು ಕೂಗಾಡಿದೆನೋ ನೆನಪಿಲ್ಲ. ಡಾಕ್ಟರು, ಮೆಟ್ಟಿಲು, ಮೂಳೆ, ಪಕ್ಕದ ಮನೆಯವರು, ಸಂಜೆಯವರೆಗೆ, ಹೀಗೆ ಎಲ್ಲವೂ ಕಲಸಿಕೊಂಡು ಬಂತು. ಅಕ್ಕ ಹಣ್ಣಿನ ನಾರು ತೆಗೆಯುತ್ತ ಕಾದಳು.

"ಮುಗೀತಾ?"

"ಇಲ್ಲ."

"ಸರಿ, ಬಾಕಿ ಇರೋದನ್ನೂ ಹೇಳು."

ಬಾಕಿ ಇರಲಿಲ್ಲ. ಪಕ್ಕದಲ್ಲಿ ಕೂತೆ.

"ಫಿಸಿಯೋ ಆವತ್ತೇ ಹೇಳಿದ್ರು, ಮೆಟ್ಟಿಲು ಹತ್ತಿ ಅಂತ," ಎಂದಳು. "ನಿನಗೂ ಹೇಳಿದೀನಿ ಅಂದ್ರು."

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ?"

"ನೀನಾಗಿ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ಕೂಗಾಡಿದ್ದರೆ ತಿರುಗಿ ಕೂಗಾಡಬಹುದಿತ್ತು. ಆ ಮಾತು ಎದೆಗೆ ನಾಟಿತು. "ನನಗೆ ಭಯ ಅಕ್ಕಾ," ಎಂದೆ. ಈ ವಯಸ್ಸಿನಲ್ಲಿ, ಟೆರೇಸಿನಲ್ಲಿ, ಟೈ ಕಟ್ಟಿಕೊಂಡು.

"ಗೊತ್ತು ಕಣೋ. ಅದಕ್ಕೇ ಚಪ್ಪಲಿ ಇಟ್ಟಿದ್ದು. ಇಲ್ಲದಿದ್ರೆ ಆ ಡಬ್ಬೀನ ಕಿತ್ತು ಬಿಸಾಕ್ತಿದ್ದೆ. ಬೆಳಿಗ್ಗೆ ಒಂದು ಸಲ ಪೇಪರ್‌ಗೆ ಅಂತ ಬಾಗಿಲು ತೆಗೀತೀನಿ. ನೀನು ಫೋನ್ ಮಾಡ್ತೀಯ. ಆಮೇಲೆ ಮುಚ್ಚೋದೇ ಇಲ್ಲ. ನೀನೂ ನೆಮ್ಮದಿಯಾಗಿರ್ತೀಯ, ನಾನೂ ಓಡಾಡ್ಕೊಂಡಿರ್ತೀನಿ." ಅರ್ಧ ಹಣ್ಣನ್ನು ನನ್ನ ಕೈಗಿಟ್ಟಳು. "ನೀನು ಬರೋ ಹೊತ್ತಿಗೆ ಮುಚ್ಚಿರ್ತೀನಿ. ಇವತ್ತು ಹೊತ್ತಲ್ಲದ ಹೊತ್ತಲ್ಲಿ ಬಂದೆ ನೀನು."

ಇಳಿಯುವಾಗ ನಾನು ಮುಂದೆ, ಅವಳು ಹಿಂದೆ. ಅವಳು ಬಿದ್ದರೆ ಹಿಡಿಯಬೇಕೆಂದು ಪ್ರತಿ ಮೆಟ್ಟಿಲಿಗೂ ತಿರುಗಿ ನೋಡಿ ನಾನೇ ಮುಗ್ಗರಿಸಿದೆ. ಚಾರ್ಜರ್ ಮರೆತು ಆಫೀಸಿಗೆ ವಾಪಸ್ಸು ಹೋದೆ.

ಮಾರ್ಚ್ 21, ಶುಕ್ರವಾರ

ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹಿಂದಿನ ಸಂದೇಶಗಳನ್ನೆಲ್ಲ ನೋಡಿದೆ. ಹತ್ತು ದಿನದಿಂದ ಪ್ರತಿ ಬೆಳಿಗ್ಗೆ "ತೆರೆದಿದೆ" ಬಂದಿದೆ. "ಮುಚ್ಚಿದೆ" ಬಂದಿರುವುದು ಸಂಜೆಗೆ, ನಾನು ಮನೆ ತಲುಪುವ ಸ್ವಲ್ಪ ಮುಂಚೆ. ತೆರೆದಾಗಲೆಲ್ಲ ಎದ್ದುಬಿದ್ದು ಫೋನು ಮಾಡಿದ್ದೇನೆ. ಮುಚ್ಚಿತೇ ಎಂದು ಒಂದು ದಿನವಾದರೂ ನೋಡಿಲ್ಲ. ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ, ಅರ್ಧ ಬಾಗಿಲನ್ನು ಮಾತ್ರ.

ನಗು ಬಂತು. ಆಮೇಲೆ ಇನ್ನೊಂದು ಹೊಳೆಯಿತು. ನಾನು ಒಂದು ವಾರದಿಂದ ಕರ್ನಲ್‌ನಲ್ಲಿ ಓದುತ್ತಿರುವುದೂ ಕೋಣೆ ಕೊಡುವ ಜಾಗವನ್ನು. ಕೋಣೆ ಬಿಟ್ಟುಹೋಗುವ ಜಾಗವನ್ನು ಒಂದು ಸಲವೂ ತೆರೆದಿಲ್ಲ. ಅಲ್ಲೇನಿದೆ ಎಂದು ಗೊತ್ತು ಎಂಬ ಧೈರ್ಯ.

ಆಫೀಸಿಗೆ ಹೋಗಿ ತೆರೆದೆ. ತಪ್ಪು ಅಲ್ಲೇ ಇತ್ತು. ಒಬ್ಬ ಅತಿಥಿ ಕೋಣೆ ಬಿಟ್ಟು ಹೋದ ತಕ್ಷಣ ಅವನ ಹೆಸರನ್ನು ಪಟ್ಟಿಯಿಂದ ಅಳಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆಂದು ನಾನು, ಆ ಕಾಲದಲ್ಲಿ ಬುದ್ಧಿವಂತ, ಕೆಲಸ ಕಡಿಮೆ ಇದ್ದಾಗ ಎಲ್ಲವನ್ನೂ ಒಟ್ಟಿಗೆ ಅಳಿಸುವುದೆಂದು ಬರೆದಿದ್ದೇನೆ. ಲಿಫ್ಟಿನಲ್ಲಿ ಜನ ತುಂಬಿದಾಗ ಕೆಲಸ ಎಲ್ಲಿಯ ಕಡಿಮೆ. ಅಷ್ಟರಲ್ಲಿ ಅದೇ ಕೋಣೆಯಿಂದ ಶುರುವಾಗುವ ಇನ್ನೂ ದೊಡ್ಡ ಜಾಗವನ್ನು ಹೊಸಬನಿಗೆ ಕೊಟ್ಟಿರುತ್ತೇವೆ. ಪಟ್ಟಿಯಲ್ಲಿ ಹಳಬನ ಎರಡು ಕೋಣೆಯ ಮೇರೆಯೇ ಇದೆ. ಹೊಸಬ ತನ್ನದೇ ಮೂರನೇ ಕೋಣೆಯ ಬಾಗಿಲು ತೆಗೆದರೆ ಸೀಟಿ.

ಇನ್ನೂ ಚೆಂದದ್ದು ಮುಂದಿದೆ. ಚಿಪ್ಪು ಅಷ್ಟು ಪೆದ್ದಲ್ಲ. ಪಟ್ಟಿಯಲ್ಲಿರುವುದು ಈಗಿರುವವನ ಮೇರೆ ಅಲ್ಲ ಎಂದು ಅದಕ್ಕೆ ಗುಮಾನಿ ಬರುತ್ತದೆ. ಬಂದಾಗ, ಏನು ಮಾಡಲಿ ಎಂದು ಕರ್ನಲ್ ಅನ್ನು ಕೇಳುತ್ತದೆ. ಅದಕ್ಕೆ ಉತ್ತರವಾಗಿ ನಾನು ಒಂದು ಸಾಲು ಬರೆದಿದ್ದೇನೆ. ಮೇಲೆ ನನ್ನದೇ ಟಿಪ್ಪಣಿ: "ಅನುಮಾನ ಬಂದರೆ ನಿಲ್ಲಿಸು."

ಆರು ವರ್ಷ ಅದನ್ನು ನನ್ನ ಅತ್ಯುತ್ತಮ ಸಾಲು ಎಂದುಕೊಂಡಿದ್ದೆ.

ಸುತ್ತಿಗೆಯವರನ್ನು ಕರೆದು ತೋರಿಸಿದೆ. "ಬಿಟ್ಟು ಹೋದವರ ಮೇರೇನ ಬಂದವರಿಗೆ ಹಾಕ್ತಿದ್ದೀರಿ," ಎಂದರು. ಇಮೇಲ್ ಮಾಡಲೇ ಎಂದು ಕೇಳಿದೆ. "ಚಿಕ್ಕದಾಗಿ ಮಾಡಿ," ಎಂದರು. ಲಿಫ್ಟಿನವರ ಕ್ಷಮೆ ಕೇಳಿ ಎರಡು ಸಾಲು ಬರೆದೆ. ಬಾಗಿಲಿನ ಮಾತು ಹಾಕಲಿಲ್ಲ.

ಮಾರ್ಚ್ 24, ಸೋಮವಾರ

ತಪ್ಪು ಸರಿಮಾಡಿದೆ. ಈಗ ಬಿಟ್ಟುಹೋದವರ ಹೆಸರು ತಕ್ಷಣ ಅಳಿಯುತ್ತದೆ. ಗುಮಾನಿ ಬಂದರೆ ಹಳೆಯ ಮೇರೆಯನ್ನು ಹೇರುವುದಿಲ್ಲ, ಬಿಟ್ಟುಬಿಡುತ್ತದೆ. ಬೆಳಿಗ್ಗೆಯಿಂದ ಲಿಫ್ಟು ಒಂದು ಸಲವೂ ನಿಂತಿಲ್ಲ. ಮೊದಲಿಗಿಂತ ನಿಧಾನ ಮಾತ್ರ. ತಕ್ಷಣ ಅಳಿಸಲು ಹೊತ್ತು ಬೇಕಲ್ಲ, ಯಾವ ಹೊತ್ತನ್ನು ಉಳಿಸಲು ಆ ಜಾಣತನ ಮಾಡಿದ್ದೆನೋ ಅದೇ ಹೊತ್ತು. ಬಾಗಿಲು ತೆರೆಯಲು ಅದು ಯೋಚಿಸುವುದನ್ನು ನೋಡಿದರೆ ನಮ್ಮ ಕಂಪನಿಯ ಯಾವುದೋ ಸಮಿತಿ ಒಳಗಿರುವಂತಿದೆ.

ಮನೆಗೆ ಬಂದು ನೀರು ಕುಡಿಯಲು ಫ್ರಿಜ್ಜು ತೆಗೆದೆ. ಬಾಗಿಲ ಮೇಲಿನ ಕಾಗದ ಉದುರಿತು. ಅಂಟು ಹಳೆಯದಾಗಿರಬೇಕು. ಮತ್ತೆ ಅಂಟಿಸಲು ಸೋಮಾರಿತನವಾಗಿ ಹಾಗೇ ಬಿಟ್ಟೆ.

ಅಕ್ಕ ಊಟ ಬಡಿಸುವಾಗ, "ಫಿಸಿಯೋ ಮೇಡಂಗೆ ಫೋನ್ ಮಾಡಿದ್ದೆ," ಎಂದೆ. "ಕಾರಿನ ವಿಷಯ ಕೇಳೋಕೆ."

"ಏನಂದ್ರು?"

"ಓಡಿಸಬಹುದಂತೆ."

ಅಕ್ಕ ಬಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ತಟ್ಟೆಗೆ ಒಂದು ಸೌಟು ಜಾಸ್ತಿ ಬಿತ್ತು. "ನನಗೂ ಹೇಳಿದ್ರು," ಎಂದಳು. ಮತ್ತೆ, "ನೀನು ಹೇಳಿದ್ದು ಒಳ್ಳೇದಾಯ್ತು," ಎಂದಳು.

ಮಾರ್ಚ್ 28, ಶುಕ್ರವಾರ

ತೀರ್ಮಾನದ ಮೀಟಿಂಗು. ಬೌಂಡ್ಸ್ ಚೆಕ್ ಉಳಿಸಿಕೊಳ್ಳಲು ನಾನು ಸಿದ್ಧಮಾಡಿದ್ದ ಸ್ಲೈಡುಗಳು ಎಷ್ಟಿದ್ದವೆಂದರೆ ಲ್ಯಾಪ್‌ಟಾಪ್ ಬಿಸಿಯಾಗಿತ್ತು. ನಿನ್ನೆ ಅವನ್ನು ಅಭ್ಯಾಸ ಮಾಡುವಾಗ ನನಗೇ ನಿದ್ದೆ ಬಂತು. ಅಕ್ಕನ ಮೇಲೆ ಮೊದಲ ಸಲ ಅನುಕಂಪ ಹುಟ್ಟಿತು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೆಲವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಿದ್ದರು. ಮೊದಲ ಸ್ಲೈಡು ತೆರೆದೆ, ಮುಚ್ಚಿದೆ.

"ತೆಗೆದುಬಿಡೋಣ," ಎಂದೆ.

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು.

ಹೇಳಬೇಕಾದದ್ದು ಹೆಚ್ಚೇನಿರಲಿಲ್ಲ. ಪಟ್ಟಿಯೇ ಕೋಣೆಗಳಿಗಿಂತ ಹೆಚ್ಚು ಜಾಗ ತಿನ್ನುತ್ತದೆ. ಸರಿಯಾಗಿ ಓಡಿಸಿದರೆ ನಿಧಾನ, ಬೇಗ ಓಡಿಸಿದರೆ ಸುಳ್ಳು. ಚಿಪ್ಪು ಮಾಡುವವರೇ ಮುಂದಿನ ಚಿಪ್ಪಿನಿಂದ ಆ ಕಾವಲುಗಾರನನ್ನು ಕೈಬಿಡುತ್ತಿದ್ದಾರೆ. ಅದೇ ಕೆಲಸವನ್ನು ಪ್ರೋಗ್ರಾಮು ಬರೆಯುವ ಹೊತ್ತಿಗೇ ಸುತ್ತಿಗೆಯವರ ಪರೀಕ್ಷೆ ಮಾಡಿಬಿಡುತ್ತದೆ. ಆರು ವರ್ಷದಲ್ಲಿ ನನ್ನ ಕಾವಲುಗಾರ ಹಿಡಿದ ನಿಜವಾದ ಕಳ್ಳತನ ಒಂದೇ, ಅದು ಅವನು ಹಿಡಿಯುತ್ತಾನೋ ಇಲ್ಲವೋ ಎಂದು ನೋಡಲು ನಾನೇ ಮಾಡಿದ್ದು. ಕೊನೆಯದನ್ನು ಹೇಳಿದಾಗ ಕೋಣೆ ನಕ್ಕಿತು. ಈ ಸಲ ನಾನು ಪೂರ್ತಿ ನಕ್ಕೆ.

"ಬೇಡ ಅಂದ್ರೆ ಸುಮ್ಮನೆ ಆಫ್ ಮಾಡಿ ಇಡಬಹುದು ಸರ್," ಎಂದರು ಮುಖ್ಯಸ್ಥೆ. ಅವರಿಗೆ ನನ್ನ ಮೇಲೆ ಮರುಕ ಬಂದಿತ್ತು.

"ಇಟ್ಟರೆ ಯಾರಾದರೂ ಆನ್ ಮಾಡ್ತಾರೆ. ನಾನೇ ಮಾಡ್ತೀನಿ. ಬೇಡ, ಅಳಿಸೋದನ್ನೂ ನಾನೇ ಬರೀತೀನಿ."

ಹೊರಗೆ ಬಂದಾಗ ಸುತ್ತಿಗೆಯವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಲಿಫ್ಟಿನ ಗುಂಡಿ ಒತ್ತಿದರು.

ಮಾರ್ಚ್ 31, ಸೋಮವಾರ

ಅಳಿಸಿದೆ. ಆರು ವರ್ಷ ಸಾಕಿಕೊಂಡು ಬಂದದ್ದನ್ನು ಅಳಿಸಲು ಒಂದು ಮಧ್ಯಾಹ್ನ ಸಾಕಾಯಿತು, ಅದರಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ಕಿಟಕಿ ನೋಡುತ್ತಿದ್ದೆ. ಆ ಸಾಲಿನ ಹತ್ತಿರ ಬಂದಾಗ ದುಃಖವಾಗುತ್ತದೆ ಎಂದುಕೊಂಡಿದ್ದೆ. ಆಯಿತು, ನಿಜ ಹೇಳಬೇಕೆಂದರೆ ಬಹಳವೇ ಆಯಿತು. ಆದರೂ ಕೈ ನಿಲ್ಲಲಿಲ್ಲ.

ಮುಖ್ಯಸ್ಥೆ ಓದಿ ಒಪ್ಪಿಗೆ ಹಾಕಿದರು. ಕೆಳಗೆ, "ಕರ್ನಲ್ ಅಂದ್ರೇನು ಅಂತ ನೀವು ಹೇಳಿಕೊಟ್ಟ ದಿನ ನೆನಪಾಯ್ತು ಸರ್," ಎಂದು ಬರೆದಿದ್ದರು. ಈ ಸಲ ಸರ್ ಎಂಬುದು ಉರಿಯಲಿಲ್ಲ. ವಯಸ್ಸಾದಂತೆ ಚರ್ಮ ದಪ್ಪವಾಗುತ್ತಿರಬೇಕು.

ಅಕ್ಕ ತನ್ನ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಾಳೆ. ಅವಳ ಮನೆಯ ಬಚ್ಚಲಿಗೆ ಹಿಡಿದುಕೊಳ್ಳಲು ಎರಡು ಕಂಬಿ ಹಾಕಿಸಿದೆ. ಅವಳೇ ಎಲ್ಲೆಲ್ಲಿ ಬೇಕೆಂದು ಗುರುತು ಹಾಕಿ ಕೊಟ್ಟಳು. ನಾನು ಹೇಳಿದ ಜಾಗ ತಪ್ಪಿತ್ತಂತೆ.

ಏಪ್ರಿಲ್ 5, ಶನಿವಾರ

ಸೋಮವಾರದಿಂದ ಹೊಸ ಬ್ಯಾಚು. ಸ್ಕೂಲಿನ ಮಾಲೀಕರು, ಕಲಿಸಲು ಶುರುಮಾಡುವ ಮೊದಲು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಾ ಎಂದಿದ್ದಾರಂತೆ. "ನೀನೇ ಬಾ, ಬೇರೆ ಯಾರಿಗೂ ಪುರುಸೊತ್ತಿಲ್ಲ," ಎಂದಳು ಅಕ್ಕ. ಸುಳ್ಳು. ಸ್ಕೂಲಿನ ಜಗಲಿಯ ಮೇಲೆ ಮೂವರು ಖಾಲಿ ಕೂತಿದ್ದರು.

ಅವಳ ಕಾರಿನಲ್ಲಿ ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕಿದೆ. ಅಷ್ಟು ವರ್ಷ ಅವಳು ಕೂತ ಸೀಟು ಅದು. ಇವತ್ತು ಅದರಲ್ಲಿ ನಾನು. ಅಕ್ಕ ಸ್ಟಿಯರಿಂಗ್ ಹಿಂದೆ. ಕನ್ನಡಿ ಸರಿಮಾಡಿಕೊಂಡಳು, ಸೊಂಟವನ್ನು ಸ್ವಲ್ಪ ಅತ್ತಿತ್ತ ಸರಿಸಿ ಕೂತಳು, ಗೇರು ಹಾಕಿದಳು.

ಮೊದಲ ತಿರುವಿನಲ್ಲಿ, ದೂರದಲ್ಲಿ ಒಬ್ಬ ಸೈಕಲ್ ಹತ್ತುತ್ತಿದ್ದ. ನನ್ನ ಕಾಲು ನನ್ನನ್ನು ಕೇಳದೆ ಬ್ರೇಕು ಒತ್ತಿತು. ಕಾರು ಮುಗ್ಗರಿಸಿ ನಿಂತಿತು. ಸೈಕಲಿನವನೂ ನಿಂತು ನಮ್ಮನ್ನು ನೋಡಿದ.

"ಯಾಕೆ?" ಎಂದಳು ಅಕ್ಕ.

"ಅನುಮಾನ ಬಂತು."

"ನಿನಗೆ ಬಂದ್ರೆ ಕಾರು ಯಾಕೆ ನಿಲ್ಲಬೇಕು?"

ಅವಳು ಮತ್ತೆ ಗೇರು ಹಾಕುವಷ್ಟರಲ್ಲಿ ನಾನು ಎರಡೂ ಶೂ ಬಿಚ್ಚಿ, ಕಾಲನ್ನು ಮೇಲಕ್ಕೆ ಎಳೆದುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಇನ್ನು ಅದು ಬ್ರೇಕಿಗೆ ಹೇಗೆ ಮುಟ್ಟುತ್ತದೋ ನೋಡೋಣ.

"ಕಾಲು ಇಳಿಸೋ. ನೋಡಿದೋರು ಏನಂದ್ಕೋತಾರೆ?"

"ಅಂದ್ಕೊಳ್ಳಲಿ. ನೀನು ಓಡಿಸು."

ಓಡಿಸಿದಳು. ಮಾರ್ಕೆಟ್ಟು, ಸರ್ಕಲ್ಲು, ಎರಡೂ ಕಡೆಯಿಂದ ಲಾರಿ ಬರುವ ಆ ಸೇತುವೆ. ಒಂದೆರಡು ಕಡೆ ಕಣ್ಣು ಮುಚ್ಚಿದೆ. ಸೇತುವೆಯಾಚೆ ಕಣ್ಣು ತೆರೆದು ಅವಳ ಮುಖ ನೋಡಿದಾಗ, ಈ ಮೂರು ತಿಂಗಳು ನನ್ನ ಮನೆಯಲ್ಲಿದ್ದವಳು ಅರ್ಧ ಅಕ್ಕ ಎಂದು ತಿಳಿಯಿತು. ಉಳಿದರ್ಧ ಇಲ್ಲಿತ್ತು. ತುಂಬ ಸಂತೋಷವಾಯಿತು, ಸ್ವಲ್ಪ ಅಳುವೂ ಬಂತು. ಲಾರಿಯ ಧೂಳು ಎಂದೆ.

ಸ್ಕೂಲಿನ ಮುಂದೆ ಕಾರು ನಿಲ್ಲಿಸಿ ಇಳಿದಳು. ನಾನು ಇಳಿಯಲು ಹೋದರೆ ಕಾಲುಗಳು ಇಲ್ಲವೇ ಇಲ್ಲ. ಅಷ್ಟು ಹೊತ್ತು ಮಡಚಿದ್ದಕ್ಕೆ ಎರಡೂ ಜೋಮು ಹಿಡಿದು ಕಟ್ಟಿಗೆಯಾಗಿದ್ದವು. ಒಂದು ಕಾಲು ಹೊರಗೆ, ಒಂದು ಒಳಗೆ, ಶೂ ಎಲ್ಲೋ. ಜಗಲಿಯ ಮೂವರೂ ಎದ್ದು ನಿಂತು ನೋಡಿದರು.

ಅಕ್ಕ ಕಾರನ್ನು ಸುತ್ತು ಹಾಕಿ, ಕೋಲಿಲ್ಲದೆ ನಡೆದು ಬಂದಳು. ನನ್ನ ಕಡೆಯ ಬಾಗಿಲನ್ನು ಪೂರ್ತಿ ತೆರೆದು ಕೈ ಚಾಚಿದಳು. ಹಿಡಿದುಕೊಂಡೆ.

"ಮೆಲ್ಲಗೆ," ಎಂದಳು, "ಬೀಳ್ತೀಯ."